ಸಾಕ್ಷಿ ಹೇಳಿದ ಮೇಲೆ

ಸಿಂದಗಿ
3 ಡಿಸೆಂಬರ್ 2024

ಮುದ್ದೇಬಿಹಾಳದಲ್ಲಿ ತಂಗಿಯ ಮನೆ ಸೇರಿ ಸಿಟ್ಟು ಮಾಡಿಕೊಂಡು ಕುಳಿತಿರುವ ನಮ್ಮ ಮನೆಯವರಿಗೆ, ಕರ್ತನ ನಾಮದಲ್ಲಿ ವಂದನೆಗಳು.

ವಂದನೆಯನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಇಲ್ಲದಿದ್ದರೆ ಜಗಳದ ಕಾಗದ ಅಂತ ನಿಮ್ಮ ತಂಗಿ ಭಾಗ್ಯಾ ಇದನ್ನು ನಿಮಗೆ ಕೊಡುವುದೇ ಇಲ್ಲ. ಭಾಗ್ಯಾ, ನೀನೇ ಮೊದಲು ಓದುತ್ತೀ ಅಂತ ನನಗೆ ಗೊತ್ತು. ಓದವ್ವಾ, ನನ್ನದೇನೂ ತಕರಾರಿಲ್ಲ. ಓದಿ ನಿಮ್ಮಣ್ಣನ ಕೈಗೆ ಕೊಡು. ಫೋನು ಎತ್ತುವುದಿಲ್ಲ ಅಂತ ಹಟ ಹಿಡಿದವರಿಗೆ ಕಾಗದವನ್ನಲ್ಲದೆ ಇನ್ನೇನು ಕಳಿಸಲಿ?

ನಡೆದದ್ದನ್ನು ನೀವು ಅಲ್ಲಿ ನಿಮ್ಮ ಕಡೆಯಿಂದ ಹೇಳಿರುತ್ತೀರಿ. ನನ್ನ ಕಡೆಯದನ್ನೂ ಒಮ್ಮೆ ಕೇಳಿ. ಹೋದ ವರ್ಷ ನಿಮ್ಮ ಗಂಟಲಲ್ಲಿ ಕ್ಯಾನ್ಸರ್ ಗಂಟು ಅಂದರು. ಸೊಲ್ಲಾಪುರದ ಆಸ್ಪತ್ರೆಯಲ್ಲಿ ಕರೆಂಟು, ಅದೇ ರೇಡಿಯೇಷನ್, ಕೊಟ್ಟರು, ಗಂಟು ಕರಗಿತು. ಈಸ್ಟರ್ ದಿನ ನೀವು ಸಭೆಯಲ್ಲಿ ಎದ್ದು, ಕರ್ತನು ನನ್ನನ್ನು ಗುಣಮಾಡಿದನು ಅಂತ ಸಾಕ್ಷಿ ಹೇಳಿದಿರಿ. ಕರೆಂಟಿನ ಸುದ್ದಿಯನ್ನೇ ಎತ್ತಲಿಲ್ಲ. ಇರಲಿ, ಖುಷಿಯಲ್ಲಿ ಮರೆತರು ಅಂದುಕೊಂಡೆ. ವಾರವೆಲ್ಲ ಎಪಿಎಂಸಿಯಲ್ಲಿ ತೊಗರಿ ಹರಾಜು ಕೂಗಿ, ಭಾನುವಾರ ಅದೇ ದನಿಯಲ್ಲಿ ಕೀರ್ತನೆ ಎತ್ತುವ ಅನೀಲಕುಮಾರ ಗುಣವಾದರಂತೆ ಎಂಬ ನಿಮ್ಮ ಸುದ್ದಿ ಇಂಡಿಗೂ ಹೋಯಿತು, ನಾಲತವಾಡಕ್ಕೂ ಹೋಯಿತು. ದೇವರ ಹಿಪ್ಪರಗಿಯಿಂದ ಜನ ಬಂದು ನಿಮ್ಮಿಂದ ತಲೆಯ ಮೇಲೆ ಕೈ ಇಡಿಸಿಕೊಂಡು ಹೋದರು. ಅವರಿಗೆಲ್ಲ ಚಹಾ ಕಾಸಿದವಳು ನಾನೇ.

ಆಮೇಲೆ ನವೆಂಬರಿನಲ್ಲಿ ದನಿ ಮತ್ತೆ ಒಡೆಯಿತು. ಸೊಲ್ಲಾಪುರದ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಗಂಟು ಮರಳಿ ಬಂದಿದೆ, ಈ ಸಲ ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಿಗೆ ದಾರಿ ಮಾಡುತ್ತೇವೆ, ಹಾಡುವ ಮಾತು ಇನ್ನಿಲ್ಲ, ಆದರೆ ತಡ ಮಾಡದಿದ್ದರೆ ಜೀವ ಉಳಿಯುತ್ತದೆ ಅಂದರು. ಡಿಸೆಂಬರ್ ಹತ್ತನೇ ತಾರೀಖು ಕೊಟ್ಟರು. ನೀವು ಕ್ರಿಸ್‌ಮಸ್ ಮುಗಿಯಲಿ ಅಂದಿರಿ. ಅವರು ಬೇಡ ಅಂದರು. ತಿರುಗಿ ಬರುವಾಗ ಇಂಡಿ ದಾಟಿದ ಮೇಲೆ ಬಸ್ಸಿನಲ್ಲಿ ನನ್ನ ಕೈ ಹಿಡಿದು ಹೇಳಿದಿರಿ: "ಯಾರ ಮುಂದೂ ಬಾಯಿ ಬಿಡಬ್ಯಾಡ. ಹೊಳ್ಳಿ ಬಂತು ಅಂದ್ರ ದೇವರ ಹೆಸರಿಗೆ ಮಸಿ ಬಳದಂಗ ಆಕ್ಕೈತಿ."

ನಾನು ಹೂಂ ಅಂದೆ. ಅಂದದ್ದು ಖರೆ. ನಿಮ್ಮ ಮುಖ ನೋಡಿ ಬೇರೆ ಏನೂ ಅನ್ನಲಾಗಲಿಲ್ಲ.

ಅದರ ಮುಂದಿನ ಭಾನುವಾರ ಸಭೆಗೆ ಇಂಡಿಯಿಂದ ಅತಿಥಿಗಳು ಬಂದಿದ್ದರು. ಪಾಸ್ಟರು ನಿಮ್ಮನ್ನು ಮತ್ತೆ ಸಾಕ್ಷಿ ಹೇಳಲು ಕರೆದರು. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಆ ಒಡಕು ದನಿಯಲ್ಲಿ, ನಾನು ಪೂರಾ ಗುಣವಾಗಿದ್ದೇನೆ ಅಂದಿರಿ. ಕೇಳುವವರಿಗೆ ಕಿವಿ ಇರಲಿಲ್ಲವೋ ಏನೋ, ಎಲ್ಲರೂ ಸ್ತೋತ್ರ ಸ್ತೋತ್ರ ಅಂದರು. ಆಗ ಇಂಡಿಯಿಂದ ಬಂದಿದ್ದ ಸುಮಿತ್ರಾಬಾಯಿ ಎದ್ದರು. ಅವರ ಎದೆಯಲ್ಲೂ ಗಂಟಿದೆ, ಔಷಧ ನಡೆದಿದೆ. "ಇವರಂಗ ನಾನೂ ನಂಬೇನ್ರಿ. ನಾಳಿಂದ ದವಾಖಾನಿ ಬಿಟ್ಟೆ," ಅಂದರು. ನೀವು ಏನಾದರೂ ಹೇಳುತ್ತೀರಿ ಅಂತ ನಿಮ್ಮನ್ನೇ ನೋಡಿದೆ. ನೀವು ನೆಲ ನೋಡುತ್ತಿದ್ದಿರಿ.

ಅದಕ್ಕೇ ಎದ್ದು ನಿಂತೆ. "ನಮ್ಮ ಮನಿಯವರ ಬ್ಯಾನಿ ಹೊಳ್ಳಿ ಬಂದೈತ್ರಿ. ಆಪರೇಷನ್ ಹೇಳ್ಯಾರ. ಸುಮಿತ್ರಾಬಾಯಾರ, ನೀವು ದವಾಖಾನಿ ಬಿಡಬ್ಯಾಡ್ರಿ," ಅಂದೆ. ಅಷ್ಟೇ. ನಾನು ಭಾಷಣ ಮಾಡಿದೆ ಅಂತ ನೀವು ಭಾಗ್ಯಾಳಿಗೆ ಹೇಳಿದ್ದೀರಂತೆ, ಅದು ಸುಳ್ಳು.

ನೀವು ಹಾರ್ಮೋನಿಯಂ ತೆರೆದಿದ್ದಂತೆಯೇ ಬಿಟ್ಟು ಹೊರಗೆ ಹೋದಿರಿ. ಗಾಳಿಗೆ ಹೋಗಿರಬೇಕು ಅಂದುಕೊಂಡೆ. ಬಸ್‌ಸ್ಟ್ಯಾಂಡಿಗೆ ಹೋಗಿದ್ದೀರಿ ಅಂತ ಮಧ್ಯಾಹ್ನ ಗೊತ್ತಾಯಿತು.

ಆಮೇಲೆ ಆದದ್ದು ನಿಮಗೆ ಗೊತ್ತಿಲ್ಲ. ಪಾಸ್ಟರು ಗಾಬರಿಯಾಗಿ ಒಂದು ಕೀರ್ತನೆ ಹಾಡೋಣ ಅಂದರು. ಎತ್ತಿಕೊಡುವವರು ನೀವಿಲ್ಲ. ಒಬ್ಬರದು ಮೇಲೆ, ಒಬ್ಬರದು ಕೆಳಗೆ, ಅಯ್ಯಯ್ಯ, ಎರಡನೇ ಚರಣಕ್ಕೆ ತಾವೇ ನಿಲ್ಲಿಸಿದರು. ಆಗ ಹಿಂದಿನ ಸಾಲಿನಿಂದ ಖಂಡೆಪ್ಪಜ್ಜ ಎದ್ದ. ಇಷ್ಟು ವರ್ಷ ಸಭೆಯಲ್ಲಿ ಒಂದು ಮಾತೂ ಆಡದ ಮನುಷ್ಯ. "ನನ್ನ ಹೇಣ್ತಿ ಸಲುವಾಗಿ ಇಲ್ಲೇ ಮಣಕಾಲೂರಿ ಬೇಡಿದ್ನಿ. ಆಕಿ ಉಳೀಲಿಲ್ಲ. ಗುಣ ಆದವ್ರಷ್ಟ ಎದ್ದು ಹೇಳ್ತಿದ್ರಿ, ನಾ ಏನಂತ ಎದ್ದೇಳ್ಲಿ? ಆದ್ರೂ ಬರೂದು ಬಿಟ್ಟಿಲ್ಲ. ಯಾಕ ಬರ್ತೇನಿ ಅಂತ ನನಗಽ ಗೊತ್ತಿಲ್ಲ," ಅಂದು ಕೂತುಬಿಟ್ಟ. ಅವನ ನಂತರ ಇನ್ನೊಬ್ಬಾಕೆ ಎದ್ದಳು, ಮಕ್ಕಳಾಗಲಿಲ್ಲ ಅಂದಳು. ಸ್ತೋತ್ರ ಅನ್ನಬೇಕೋ ಬಿಡಬೇಕೋ ಯಾರಿಗೂ ತಿಳಿಯಲಿಲ್ಲ. ಆದರೆ ಆ ದಿನ ಯಾರೂ ಬೇಗ ಮನೆಗೆ ಹೋಗಲಿಲ್ಲ.

ಮರುದಿನ ಪಾಸ್ಟರು ಮನೆಗೆ ಬಂದರು. ಬೈಯಲಿಕ್ಕೇ ಬಂದಿದ್ದಾರೆ ಅಂತ ಸೆರಗು ಬಿಗಿ ಮಾಡಿಕೊಂಡು ಕುಳಿತೆ. ಅವರು ಚಹಾ ಕುಡಿದರು. ದೇವರು ಯಾಕೆ ಹೀಗೆ ಮಾಡಿದ ಅಂತ ಕೇಳಿದೆ. "ನನಗೂ ಗೊತ್ತಿಲ್ರಿ ಅಕ್ಕಾರ," ಅಂದರು. ಅವರ ಪ್ರಸಂಗಗಳನ್ನೆಲ್ಲ ಕೇಳಿದ್ದೇನೆ, ಇಷ್ಟು ಸಮಾಧಾನ ಯಾವುದರಿಂದಲೂ ಆಗಿರಲಿಲ್ಲ. ಸುಮಿತ್ರಾಬಾಯಿಯೂ ಫೋನು ಮಾಡಿದ್ದರು. ಔಷಧ ಬಿಟ್ಟಿಲ್ಲವಂತೆ. ನನ್ನ ಮೇಲೆ ಅವರಿಗೂ ಸ್ವಲ್ಪ ಸಿಟ್ಟಿದೆ.

ಈಗ ನಿಮ್ಮ ಮಾತು. ಭಾಗ್ಯಾ ಫೋನಿನಲ್ಲಿ ಎಲ್ಲ ಹೇಳಿದಳು, ಅಲ್ಲಿ ನೀವು ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನೂ ಬಿಟ್ಟಿದ್ದೀರಂತೆ. ಇಷ್ಟು ಬೇಡಿದರೂ ಕೇಳದವನನ್ನು ಇನ್ನೇನು ಕೇಳಲಿ ಅಂದಿರಂತೆ. ಆಪರೇಷನ್ನೂ ಬೇಡ ಅಂದಿರಂತೆ. ದೇವರ ಸಂಗಡ ಮಾತು ಬಿಡುವುದಾದರೆ ಬಿಡಿ, ಅದು ನಿಮ್ಮಿಬ್ಬರ ನಡುವಿನದು, ನಾನು ಬಾಯಿ ಹಾಕುವುದಿಲ್ಲ. ಸೊಲ್ಲಾಪುರ ಮಾತ್ರ ನನ್ನದೂ ಹೌದು. ನಾವು ಬರುತ್ತೇವೆ ಅಂತ ಡಾಕ್ಟರಿಗೆ ಹೇಳಿದ್ದೇನೆ, ನಿಮ್ಮನ್ನು ಕೇಳದೆಯೇ ಹೇಳಿದ್ದೇನೆ. ಬಾಗೇವಾಡಿಗೆ ಬಂದು ಹಿಪ್ಪರಗಿ ಬಸ್ಸು ಹಿಡಿಯಿರಿ, ಅಲ್ಲಿಂದ ಸಿಂದಗಿ ಎಷ್ಟೊತ್ತಿನ ದಾರಿ? ಭಾನುವಾರದೊಳಗೆ ಮನೆಯಲ್ಲಿರಬೇಕು. ಸಭೆಗೆ ಹೋಗಲೇಬೇಕೆಂದೇನಿಲ್ಲ. ಜನ ಏನಂತಾರೆ ಅಂತ ನಿಮಗೆ ಹೆದರಿಕೆ. ನಿಮ್ಮನ್ನು ಕಳೆದುಕೊಳ್ಳುತ್ತೇನೆ ಅಂತ ನನಗೆ ಹೆದರಿಕೆ. ಯಾವುದು ದೊಡ್ಡದೋ ನೀವೇ ಹೇಳಿ.

ಭಾಗ್ಯಾಳಿಗೆ ಆಶೀರ್ವಾದ. ಬಿಸಿನೀರು ಬಿಟ್ಟು ತಣ್ಣೀರು ಕುಡಿಯಬೇಡಿ.

ನಿಮ್ಮ
ವಿದ್ಯಾವತಿ

ತಾ.ಕ.: ಇದನ್ನು ಬರೆಯಬಾರದು ಅಂತ ಮಾಡಿದ್ದೆ. ದಿನಾ ಬೆಳಿಗ್ಗೆ ಚಾಪೆಯ ಮೇಲೆ, ನನ್ನ ದನಿ ಉಳಿಸು ತಂದೆ ಅಂತ ನೀವು ಬೇಡುತ್ತಿದ್ದಿರಿ, ನಾನು ಪಕ್ಕದಲ್ಲಿ ಆಮೆನ್ ಅನ್ನುತ್ತಿದ್ದೆ. ಅದು ಬರೀ ಬಾಯಿಮಾತು. ದನಿ ಬೇಕಾದರೆ ತಗೋ, ಮನುಷ್ಯನನ್ನು ನನಗೆ ಬಿಡು ಅಂತ ಮೊದಲ ದಿನದಿಂದ ನಾನು ಒಳಗೊಳಗೇ ಕೇಳುತ್ತ ಬಂದಿದ್ದೇನೆ. ಅವನು ನನ್ನ ಮಾತನ್ನು ಕೇಳಿರಬಹುದು. ಹಾಗಿದ್ದರೆ ಸಿಟ್ಟು ಅವನ ಮೇಲೆ ಬೇಡ, ನನ್ನ ಮೇಲೆ ಮಾಡಿ. ಹತ್ತನೇ ತಾರೀಖಿನೊಳಗೆ ಬಂದು ಬಾಯಿ ತುಂಬ ಬೈದುಬಿಡಿ, ಕೇಳುತ್ತ ಕೂರುತ್ತೇನೆ.