ಐದನೆಯ ಮಂಗಳವಾರದ ನಂತರದ ಕೆಮ್ಮು

ಜಿಲ್ಲೆಯ ಕೆಮ್ಮು, ನೆಗಡಿ, ದಮ್ಮುಗಳ ಲೆಕ್ಕ ಇಡುವ ಮಾನ್ಯ ಅಧಿಕಾರಿಗಳೇ,

ನಮ್ಮೂರಿನಲ್ಲಿ ಉಸಿರಾಟದ ಕಾಯಿಲೆ ಇಳಿಮುಖವಾಗಿದೆ ಎಂದು ತಾವು ವರದಿ ಮಾಡಿದಿರಿ. ಆ ಸಂತೋಷದಲ್ಲಿ ನಮ್ಮ ಆಸ್ಪತ್ರೆಗೆ ಮಳೆಗಾಲಕ್ಕೆಂದು ಕೊಟ್ಟಿದ್ದ ವೈದ್ಯರನ್ನೂ, ಔಷಧದ ಹಬೆ ಕೊಡುವ ನೆಬ್ಯುಲೈಜರನ್ನೂ ವಾಪಸು ಕರೆಸಿಕೊಂಡಿರಿ. ತಮ್ಮ ಕಂಪ್ಯೂಟರ್ ಪರದೆಯ ಮೇಲೆ ರೋಗಿಗಳ ಲೆಕ್ಕದ ಗೆರೆ ಇಳಿದಿರಬಹುದು, ಊರಿನ ಕೆಮ್ಮು ಇಳಿದಿಲ್ಲ. ನನ್ನ ನೆರೆಮನೆಯ ಅಮೀನಬಿ ಈಗ ಮುಂಡರಗಿಯ ತಾಲೂಕು ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಸಿಕೊಂಡು ಮಲಗಿದ್ದಾಳೆ.

ಡೋಣಿ ಗ್ರಾಮದಿಂದ ತುಸು ಆಚೆ, ಕಪ್ಪತಗುಡ್ಡದ ಮಗ್ಗುಲಿನ ಊರು ನಮ್ಮದು. ಮಳೆಗಾಲದಲ್ಲಿ ಊರ ದೇವಿಯ ಹೆಸರಿನಲ್ಲಿ ಐದು ಮಂಗಳವಾರ ವಾರ ಹಿಡಿಯುತ್ತೇವೆ. ಅಂದು ಯಾರೂ ಹೊಲಕ್ಕೆ ಕಾಲಿಡುವಂತಿಲ್ಲ. ಎತ್ತು ಹೂಡುವುದಿಲ್ಲ, ಕಳೆ ತೆಗೆಯುವುದಿಲ್ಲ. ಹಿಂದೂಗಳ ಮನೆ, ಮುಸಲ್ಮಾನರ ಮನೆ ಎಂಬ ಭೇದವೂ ಇಲ್ಲ. ಕೂಲಿಯವರನ್ನು ಒಯ್ಯುವ ಟಂಟಂ ಗಾಡಿ ಕೂಡ ಊರ ಬಾಗಿಲ ಅಗಸಿಯಲ್ಲೇ ನಿಂತಿರುತ್ತದೆ. ಆಸ್ಪತ್ರೆ ತೆರೆದಿರುವ ಹೊತ್ತಿನಲ್ಲಿ ಕೂಲಿಯ ಹೆಂಗಸರು ಊರಲ್ಲಿರುವುದು ಆ ದಿನಗಳಲ್ಲಿ ಮಾತ್ರ. ಹಾಗಾಗಿ ಕೆಮ್ಮುವವರೆಲ್ಲ ಮಂಗಳವಾರವೇ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುತ್ತಾರೆ, ತಮ್ಮ ಗೆರೆ ಏರುತ್ತದೆ. ಐದನೆಯ ವಾರ ಮುಗಿಯಿತು, ಹೆಸರುಕಾಯಿ ಬಿಡಿಸುವ ಕೆಲಸ ಶುರುವಾಯಿತು. ನಸುಕಿಗೆ ಹೋದವರು ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ, ಅಷ್ಟರಲ್ಲಿ ಆಸ್ಪತ್ರೆಗೆ ಬೀಗ. ಚೀಟಿ ಇಲ್ಲ, ಆದ್ದರಿಂದ ರೋಗವೂ ಇಲ್ಲ. ಔಷಧವಿಲ್ಲದೆ ಊರಿಗೆ ಊರನ್ನೇ ಗುಣಪಡಿಸಿದ ಕೀರ್ತಿ ತಮ್ಮದು.

ಲೆಕ್ಕವೇ ಬೇಡ ಎನ್ನುವವಳಲ್ಲ ನಾನು. ಯಾವ ಊರಲ್ಲಿ ದಮ್ಮು ಏರುತ್ತಿದೆ ಎಂದು ಮೊದಲೇ ಗೊತ್ತಾದರೆ ಔಷಧವೂ ಮೊದಲೇ ತಲುಪುತ್ತದೆ, ಖರೆ. ಆದರೆ ಶಾಲೆಯಲ್ಲಿ ಜೀವಮಾನವೆಲ್ಲ ಹಾಜರಿ ಕರೆದವಳು ನಾನು. ಸುಗ್ಗಿಯಲ್ಲಿ ಬೆಂಚು ಖಾಲಿ ಕಂಡರೆ ಊರಲ್ಲಿ ಮಕ್ಕಳೇ ಇಲ್ಲ ಎಂದು ಬರೆದು ಕೋಣೆಗೆ ಬೀಗ ಹಾಕುತ್ತಿದ್ದೆನೆ? ಓಣಿಗೆ ಹೋಗಿ ಕೇಳುತ್ತಿದ್ದೆ.

ಐದು ವಾರಗಳು ಮುಗಿದ ಮೇಲೆ ಒಂದು ಸಂಜೆ ಹೊಲದಿಂದ ಬಂದ ಅಮೀನಬಿ ನನ್ನ ಕಟ್ಟೆಯ ಮೇಲೆ ಕುಸಿದು ಕೂತಳು. ಎದೆ ಸುಂಯ್‌ಗುಡುತ್ತಿತ್ತು.

"ದವಾಖಾನಿಗೆ ಹೋಗಬಾರದೇನ?" ಎಂದೆ.

"ಯಾವಾಗ ಹೋಗ್ಲಿರಿ ಅಕ್ಕೋರ? ನಾ ಬರೂದ್ರಾಗ ಬಾಗಲಾ ಹಾಕಿರ್ತಾರ. ಕಡೀ ಮಂಗಳವಾರ ಆ ಹಬಿ ಮಷೀನ್ ಹಚ್ಚಿದ್ರು ನೋಡ್ರಿ, ಎದಿ ಹಗುರಾಗಿತ್ತು. ಇನ್ನೊಂದ ವಾರ ಹಿಡದಿದ್ರ ಚಲೋ ಆಗತಿತ್ತು."

ನಕ್ಕಳು. ನಗು ಕೆಮ್ಮಾಯಿತು.

ಮರುದಿನ ಹೊಲದಲ್ಲೇ ಉಸಿರು ಕಟ್ಟಿ ಬಿದ್ದಳು. ಗಂಡ ಖಾಸಿಂಸಾಬ ಟಂಟಂನಲ್ಲಿ ಹಾಕಿಕೊಂಡು ಊರ ಆಸ್ಪತ್ರೆಗೆ ತಂದ. ಬಾಗಿಲೇನೋ ತೆರೆದಿತ್ತು. ನರ್ಸ್ ಹುಡುಗಿ ಅಳುಮೋರೆ ಮಾಡಿ, "ಮಷೀನ್ ಒಯ್ದಾರ್ರೀ ಕಾಕಾ, ಜಲ್ದಿ ಮುಂಡರಗಿಗೆ ಹೋಗ್ರಿ" ಎಂದಳು. ಸುದ್ದಿ ಕೇಳಿ ಓಡಿಬಂದ ನಾನೂ ಟಂಟಂ ಹತ್ತಿದೆ. ದಾರಿಯುದ್ದಕ್ಕೂ ಅಮೀನಬಿಯ ತಲೆ ನನ್ನ ತೊಡೆಯ ಮೇಲಿತ್ತು. ಅವಳ ತುಟಿ ನೀಲಿಯಾಗುವುದನ್ನು ನೋಡುತ್ತ, ಇವಳು ಇಲ್ಲೇ ಸಾಯುತ್ತಾಳೆಂದು ನಾನು ಹೆದರಿದ್ದೆ. ಹೆದರಿಕೆ ಈಗ ಹೋಗಿದೆ, ಸಿಟ್ಟು ಹೋಗಿಲ್ಲ.

ತಮ್ಮ ಕಚೇರಿಗೆ ಫೋನ್ ಮಾಡಿದೆ. "ಜನಾನ ಬರಲಿಲ್ಲಂದ್ರ ನಾವೇನ ಮಾಡೂಣ್ರಿ ಮೇಡಮ್?" ಎಂಬ ಉತ್ತರ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇನ್ನೂ ಒಂದು ಸೊಗಸು ಕೇಳಿ. ಅಮೀನಬಿಯ ಚೀಟಿ ಆಗಿದ್ದು ಮುಂಡರಗಿಯಲ್ಲಿ, ಆದ್ದರಿಂದ ಅವಳ ಕಾಯಿಲೆಯೂ ಮುಂಡರಗಿಯ ಲೆಕ್ಕಕ್ಕೇ ಹೋಯಿತು. ನಮ್ಮೂರು ತಮ್ಮ ಪರದೆಯಲ್ಲಿ ಇವತ್ತಿಗೂ ಆರೋಗ್ಯವಾಗಿದೆ.

ಆದ್ದರಿಂದ ಕೇಳುತ್ತೇನೆ: ಸುಗ್ಗಿ ಮುಗಿಯುವವರೆಗೆ ನಮ್ಮ ಆಸ್ಪತ್ರೆ ರಾತ್ರಿ ಊಟದ ಹೊತ್ತಿನ ತನಕ ತೆರೆದಿರಲಿ. ರೋಗಿಯನ್ನು ಅವಳ ಊರಿನ ಲೆಕ್ಕಕ್ಕೇ ಹಿಡಿಯಿರಿ. ಗೆರೆ ಇಳಿದಾಗ, ಜನ ಎಲ್ಲಿ ಹೋದರೆಂದು ಊರಿಗೊಂದು ಮಾತು ಕೇಳಿ. ವೈದ್ಯರನ್ನು ಕಳಿಸಿ. ದಿನಾ ಹಬೆ ಹಿಡಿಸುವುದಾದರೆ ಅಮೀನಬಿಯನ್ನು ಸೋಮವಾರ ಮನೆಗೆ ಬಿಡುತ್ತೇವೆ ಎಂದು ಮುಂಡರಗಿಯ ಡಾಕ್ಟರು ಹೇಳಿದ್ದಾರೆ. ಹೂಂ ಎಂದು ಬಂದಿದ್ದೇನೆ. ಮಷೀನು ಅವಳಿಗಿಂತ ಮೊದಲು ಊರು ಮುಟ್ಟಬೇಕು.

ಇಂತಿ,
ತಮ್ಮ ಲೆಕ್ಕದ ಪ್ರಕಾರ ಕೆಮ್ಮೇ ಇಲ್ಲದ ಊರಿನಿಂದ, ಕೆಮ್ಮುತ್ತಲೇ ಬರೆದ
ಜಾನಕೀಬಾಯಿ, ನಿವೃತ್ತ ಶಿಕ್ಷಕಿ