ಪೂಜೆಗಿಟ್ಟ ಕೊಡಲಿ

ಮಾದಪ್ಪಣ್ಣ,

ಇವತ್ತು ಬೆಳಿಗ್ಗೆ ಬೇಗೂರಿನ ಕುಲುಮೆಯಲ್ಲಿ ಹೊಸ ಕೈಗೊಡಲಿ ತೆಗೆದುಕೊಂಡೆ, ಜೀಪಿನ ಸೀಟಿನಡಿ ಇಡುವುದಕ್ಕೆ. ನಿನ್ನ ಹಳೆಯದಕ್ಕೆ ತುಕ್ಕು ಹಿಡಿದಿದೆ. ಮೂರು ವರ್ಷದಿಂದ ನಾನದನ್ನು ಮುಟ್ಟಿಲ್ಲ. ನೀನಾಗಿದ್ದರೆ ಒಂದು ಕೊಡಲಿ ಆರಿಸಲು ಅರ್ಧ ದಿನ ಕಮ್ಮಾರನ ತಲೆ ತಿನ್ನುತ್ತಿದ್ದೆ. ನಾನು ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಬೇಗ ಎದ್ದು ಬಂದೆ.

ನೆನಪಿದೆಯಾ, ನಿನ್ನ ಹತ್ತಿರ ಡ್ರೈವಿಂಗ್ ಕಲಿಯಲು ಸೇರಿದ ಹೊಸತರಲ್ಲಿ ನಾನು ಫೋನಿನಲ್ಲಿ ಟೊಮಹಾಕ್ ಎಂಬ ಕೊಡಲಿ ತೋರಿಸಿದ್ದೆ? ಪ್ಲಾಸ್ಟಿಕ್ ಹಿಡಿ, ಬೆನ್ನಿಗೆ ಉದ್ದನೆಯ ಮುಳ್ಳು. ನೀನು ನಕ್ಕುಬಿಟ್ಟೆ. "ಇದೇನ್ಲಾ, ಮರ ಕಡಿಯಕ್ಕೋ ಫೋಟೋ ತೆಗ್ಸಕ್ಕೋ? ಏಟು ಜಾರುದ್ರೆ ಆ ಮುಳ್ಳು ನಿನ್ ಅಣೆಗೇ ಬತ್ತದೆ ಕಣ್ಲಾ!" ಆಮೇಲೆ ಕುಲುಮೆಗೆ ಕರೆದೊಯ್ದು ಕಲಿಸಿದೆ. ಹಿಡಿಯನ್ನು ಪಿಕಾಸಿಯ ಹಾಗೆ ಮೇಲಿನಿಂದ ತೂರಬೇಕು, ಬೀಸಿದಷ್ಟೂ ಬಿಗಿಯುತ್ತದೆ, ಮುರಿದರೆ ಕಾಡಿನ ಯಾವ ಕೋಲಾದರೂ ನಡೆದೀತು. ಬೆನ್ನು ಚಪ್ಪಟೆಯಿರಲಿ, ಗೂಟ ಹೊಡೆಯಲು. ಒಂದೇ ಕೈಯಲ್ಲಿ ಎತ್ತುವಷ್ಟು ತೂಕ. ಯಾಕೆ ಎಂದು ಕೇಳಿದ್ದಕ್ಕೆ, "ಇನ್ನೊಂದ್ ಕೈಗೆ ಏಟಾಗ್ಯದೆ ಅಂತ್ಲೇ ತಿಳ್ಕೊ" ಅಂದಿದ್ದೆ.

ಮೂರು ವರ್ಷದ ಹಿಂದಿನ ಆ ಆಯುಧಪೂಜೆಯ ದಿನ ಜೀಪು ತೊಳೆದು, ಜಾಕಿ, ಸ್ಪ್ಯಾನರ್, ಕೊಡಲಿಯನ್ನು ನಿನ್ನ ಮನೆಯ ದೇವರ ಮುಂದೆ ಜೋಡಿಸಿ ವಿಭೂತಿ ಬಳಿದವನು ನಾನೇ. ಮಂಗಳಾರತಿ ಮುಗಿಯುವಷ್ಟರಲ್ಲಿ ಬಂಡೀಪುರದ ಅಂಚಿನ ಗಿರಿಜನರ ಹಾಡಿಗೆ ಅಕ್ಕಿ ಇಳಿಸಿ ಬರಲು ಫೋನು ಬಂತು. ನೀನು ಕೊಡಲಿಗೆ ಕೈ ಹಾಕಿದೆ. ನಾನು ತಡೆದೆ.

"ಪೂಜೆಗಿಟ್ಟದ್ದ ಇವತ್ತು ಕದಲಿಸ್ಬಾರ್ದು ಕಣಣ್ಣ. ನಾಳೆ ತಗೊಳನ."

"ಜೀಪು ಓಡ್ಬೋದಂತೆ, ಕೊಡ್ಲಿ ಏಳಂಗಿಲ್ವಂತೆ! ಯಾವೂರ್ ಶಾಸ್ತ್ರಲಾ ಇದು?" ಎಂದು ನೀನು ರೇಗಿಸಿದೆ. ಆದರೂ ಕೈ ಹಿಂದಕ್ಕೆ ತೆಗೆದೆ. ಯಾಕಣ್ಣ ನನ್ನ ಮಾತು ಕೇಳಿದೆ? ಎಲ್ಲದಕ್ಕೂ ಬೈಯುತ್ತಿದ್ದವನು ಅವತ್ತೊಂದು ದಿನ ಬೈದುಬಿಟ್ಟಿದ್ದರೆ...

ವಾಪಸು ಬರುವಾಗ ನೀನು ಎದೆ ಹಿಡಿದುಕೊಂಡೆ. ಮೈಯೆಲ್ಲ ಬೆವರು. ನಾನು ಸ್ಟೇರಿಂಗ್ ಹಿಡಿದು ಗುಂಡ್ಲುಪೇಟೆಯ ಆಸ್ಪತ್ರೆಗೆಂದು ಜೀಪು ಹೊರಡಿಸಿದೆ. ಹೋಗುವಾಗ ತೆರೆದಿದ್ದ ದಾರಿಗೆ ತೊಡೆಗಾತ್ರದ ಕೊಂಬೆಯೊಂದು ಮುರಿದು ಅಡ್ಡ ಬಿದ್ದಿತ್ತು. ಕೊಡಲಿಯಿದ್ದರೆ ಕಾಲು ಗಂಟೆಯ ಕೆಲಸ. ಫೋನಿಗೆ ನೆಟ್‌ವರ್ಕ್ ಇಲ್ಲ. ಹಗ್ಗ ಕಟ್ಟಿ ಜೀಪಿನಿಂದ ಎಳೆದೆ, ಹಗ್ಗವೇ ತುಂಡಾಯಿತು. ಬರಿಗೈಯಲ್ಲಿ ರೆಂಬೆ ಮುರಿದೆ, ಎಳೆದೆ, ಅತ್ತೆ. "ಬುಡ್ಲಾ... ಬಂದು ಕೂತ್ಕೊ" ಎಂದು ನೀನು ಎರಡು ಸಲ ಕರೆದೆ. ನಾನು ಬರಲಿಲ್ಲ. ಜೀಪು ನುಸುಳುವಷ್ಟು ದಾರಿಯಾಗಿ ತಿರುಗಿ ನೋಡಿದರೆ ನೀನು ಹೋಗಿದ್ದೆ.

ಅತ್ತಿಗೆಗೆ ನಾನು ಸುಳ್ಳು ಹೇಳಿದೆ ಅಣ್ಣ. ಕೊಡಲಿಯಲ್ಲಿ ಕಡಿದೆ, ಆದರೂ ಹೊತ್ತು ಮೀರಿತು ಎಂದೆ. ಜನ ನಿನ್ನ ಸುತ್ತ ಕೂತು ಅಳುತ್ತಿದ್ದಾಗ ಕೊಡಲಿಯನ್ನು ಟವೆಲಿನಲ್ಲಿ ಸುತ್ತಿ ದೇವರ ಮುಂದಿನಿಂದ ಜೀಪಿಗೆ ಸಾಗಿಸಿದೆ. ಸಿಗಿದುಹೋಗಿದ್ದ ನನ್ನ ಅಂಗೈಗಳನ್ನು ಅತ್ತಿಗೆಯೇ ತೊಳೆದರು. ಒಂದು ಮಾತೂ ಆಡಲಿಲ್ಲ. ದುಃಖಕ್ಕೆ ಬಾಯಿ ಕಟ್ಟಿದೆ ಅಂದುಕೊಂಡೆ. ಆಮೇಲೆ ವಾರ ತಪ್ಪದೆ ಅವರ ಮನೆಗೆ ಹೋಗಿ ಬರುತ್ತಿದ್ದೆ, ಅವರು ಕೊಟ್ಟ ಕಾಫಿ ಕುಡಿಯುತ್ತಿದ್ದೆ. ನಾಚಿಕೆಗೆಟ್ಟವನು ನಾನು.

ಇವತ್ತು ಕುಲುಮೆಯಿಂದ ನೇರ ಅಲ್ಲಿಗೇ ಹೋದೆ. ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ತಲೆ ಎತ್ತಲಿಲ್ಲ.

"ಸುದ್ದಿ ಬಂದಾಗ ದೇವ್ರ ಮುಂದೆ ದೀಪ ಅಚ್ತಿದ್ದೆ ಕಣಪ್ಪ. ಕೊಡ್ಲಿ ನನ್ ಕಣ್ಮುಂದ್ಲೇ ಇತ್ತು. ನೀನಾಗೇ ಯೋಳ್ಲಿ ಅಂತ ಇಷ್ಟ್ ದಿನ ಸುಮ್ಕಿದ್ದೆ. ಯೋಳ್ದೆ. ಇನ್ಮ್ಯಾಕೆ ಬರ್ಬ್ಯಾಡ."

ಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅತ್ತಿಗೆ ಹೇಗಿದ್ದಾರೆ ಎಂದು ನೀನು ಕೇಳಿದರೆ, ಇನ್ನು ನನಗೆ ಗೊತ್ತಿರುವುದಿಲ್ಲ ಅಣ್ಣ.