ಟ್ರಂಕಿನಲ್ಲಿದ್ದ ಬಿಳಿ ನಿಲುವಂಗಿ

ರೀ, ನಾನೂ ಮಗಳೂ ಚರ್ಚಿಗೆ ಹೊರಟೆವು. ಕಾಫಿ ಫ್ಲಾಸ್ಕಿನಲ್ಲಿದೆ.

ಫಾದರ್ ಒಪ್ಪಿದ್ದಾರೆ, ಇವತ್ತು ಎಂಟೂವರೆ ಪೂಜೆಗೆ ಬಲಿಪೀಠದ ಹತ್ತಿರ ನಿಂತು ದ್ರಾಕ್ಷಾರಸ, ನೀರು ಎತ್ತಿಕೊಡುವ ಸೇವೆ ಅವಳದೇ. "ಅಲ್ಲಿ ಹೆಣ್ಣುಮಕ್ಕಳಿಗೇನು ಕೆಲಸ, ಕೈ ನಡುಗಿ ಏನಾದ್ರೂ ಚೆಲ್ಲಿಬಿಡ್ತಾರೆ" ಅಂತ ನೀವು ವಾರವಿಡೀ ಗೊಣಗಿದ್ದು ಸಾಕು. ತುಂಬಿದ ಲೋಟ ಹಿಡಿದುಕೊಂಡು ಅವಳು ಹದಿನೈದು ದಿನದಿಂದ ಅಡುಗೆಮನೆ ಸುತ್ತುತ್ತಿದ್ದಾಳೆ. ಒಂದು ಹನಿ ನೆಲಕ್ಕೆ ಬಿದ್ದಿಲ್ಲ.

ಇಸ್ತ್ರಿಪೆಟ್ಟಿಗೆ ಇನ್ನೂ ಬಿಸಿ ಇದೆ, ಮುಟ್ಟಬೇಡಿ.

ಚರ್ಚಿನಲ್ಲಿರುವ ನಿಲುವಂಗಿಗಳೆಲ್ಲ ಅವಳಿಗೆ ದೊಡ್ಡವು. ಅದಕ್ಕೇ ಅತ್ತೆ ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದ ನಿಮ್ಮದನ್ನೇ ತೆಗೆದೆ, ಹತ್ತು ವರ್ಷದವರಿದ್ದಾಗ ನೀವು ಹಾಕಿಕೊಂಡು ಪೂಜೆಗೆ ನಿಲ್ಲುತ್ತಿದ್ದದ್ದು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿದೆ. ಎದೆಯ ಮೇಲಿನ ದ್ರಾಕ್ಷಾರಸದ ಕಲೆ ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ.

ಇದನ್ನ ಚೆಲ್ಲಿದ್ದು ಯಾರು ಅಂತ ಮಗಳು ಕೇಳಿದಳು. ಅಪ್ಪ ಮೊದಲನೇ ಬೆಂಚಿನಲ್ಲಿ ಕೂತಿರ್ತಾರೆ, ಪೂಜೆ ಮುಗಿದ ಮೇಲೆ ಅವರನ್ನೇ ಕೇಳು ಅಂದಿದ್ದೇನೆ.

ನಿಮ್ಮ ನೀಲಿ ಅಂಗಿ ಇಸ್ತ್ರಿಯಾಗಿ ಕುರ್ಚಿಯ ಮೇಲಿದೆ.